ಎಫ್ ಸೆವೆನ್‌ಗೆ ಅನುಕಂಪದ ನೌಕರಿ

ಅಪ್ಪ ದೊರೆಸ್ವಾಮಿಯವರ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಅಂಬುಜಾಕ್ಷಿ ಅವರ ನೌಕರಿ ಕೇಳಿಕೊಂಡು ಅಹವಾಲು ಕಚೇರಿಗೆ ಬಂದಳು.

"ತಡ ಮಾಡ್ಬಿಟ್ರಲ್ಲಮ್ಮ," ಎಂದರು ಹೆಡ್ ಕ್ಲರ್ಕ್ ಚಿಕ್ಕವೀರಯ್ಯ. "ಅನುಕಂಪದ ಕೆಲಸ ನಿಮ್ಮ ತಂದೆಯವ್ರ ಎಫ್ ಸೆವೆನ್ ಕೀಗೆ ಆಗೋಯ್ತು. ಕಾನೂನಲ್ಲಿ ಮ್ಯಾಕ್ರೋನೇ ಮೊದಲ ವಾರಸುದಾರ, ಮಕ್ಕಳೆಲ್ಲ ಆಮೇಲೆ."

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳು ಓಡುವ ಕಚೇರಿಯ ಇಮೇಲಿನಲ್ಲಿ, ಕೀಬೋರ್ಡಿನ ಎಫ್ ಸೆವೆನ್ ಒಂದನ್ನು ಒತ್ತಿದರೆ ಯಾವ ಅರ್ಜಿಗಾದರೂ ಪೂರ್ತಿ ಉತ್ತರ ತಾನಾಗಿ ಹೋಗುವಂತೆ ಅಪ್ಪ ಮ್ಯಾಕ್ರೋ ಬರೆದಿಟ್ಟಿದ್ದರು. ಕೊನೆಕೊನೆಗೆ ಒತ್ತುವ ಬೆರಳೂ ಬೇಡದಂತೆ ತಿದ್ದಿದ್ದರು. ಮಗಳ ಹೋಂವರ್ಕಿನತ್ತ ಒಂದು ದಿನವೂ ಕಣ್ಣು ಹಾಯಿಸದ ಮಹಾನುಭಾವರು ಅದಕ್ಕೆ ಇಪ್ಪತ್ತು ವರ್ಷ ಸುರಿದಿದ್ದರು.

"ಹಾಗಾದ್ರೆ ಮೇಲ್ಮನವಿ ಹಾಕ್ತೀನಿ ಸಾರ್."

"ಹಾಕಿ, ಧಾರಾಳವಾಗಿ ಹಾಕಿ," ಎಂದು ಚಿಕ್ಕವೀರಯ್ಯ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಅಲ್ಲೇ ಕೂತು ತನ್ನ ಕಷ್ಟವನ್ನೆಲ್ಲ ಎರಡು ಪುಟ ತೋಡಿಕೊಂಡಳು. ಕಳಿಸಿ ಬೆರಳೆತ್ತುವ ಮೊದಲೇ ಉತ್ತರ ಬಂತು: "ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಇತಿ, ಎನ್. ದೊರೆಸ್ವಾಮಿ."

ಚಿಕ್ಕವಳಿದ್ದಾಗ ಸೈಕಲ್ ಕೇಳಿದರೂ ಅಪ್ಪ ಹೇಳಿದ್ದು ಇದನ್ನೇ. ಆಗ ಇಷ್ಟು ಹೇಳುವುದಕ್ಕೆ ಅವರಿಗೆ ಮೂರು ವಾರ ಹಿಡಿದಿತ್ತು. ಸತ್ತ ಮೇಲೆ ಚುರುಕಾಗಿದ್ದಾರೆ.