ಮೂಗಿನ ತೀರ್ಪು

ಮಗ ಮಾಂಸದ ಪೊಟ್ಟಣ ಬಿಚ್ಚಿ ಅಪ್ಪನ ಮೂಗಿಗೇ ಹಿಡಿದ. ಅದರ ಮೇಲಿನ ತಾರೀಖು ಮೊನ್ನೆಗೇ ಮುಗಿದಿತ್ತು.

"ಚೆನ್ನಾಗಿದೆಯಾ ಹೇಳಪ್ಪ. ತಾರೀಖು ಮುಗೀತು ಅಂತ ಇವಳು ಕಸದ ಬುಟ್ಟಿಗೆ ಹಾಕೋಕೆ ಹೊರಟಿದ್ದಾಳೆ."

"ಮುಗಿದ ಮೇಲೆ ಮುಗೀತು. ವಾಸನೆ ಬರದಿದ್ರೂ ಕೆಟ್ಟಿರುತ್ತೆ," ಎಂದಳು ಸೊಸೆ. ಬೆಳಿಗ್ಗೆಯಿಂದ ಅವಳಿಗೆ ಜೋರು ನೆಗಡಿ; ಕಣ್ಣಿನ ಕೆಳಗಿನ ಮುಖವೆಲ್ಲ ಕರವಸ್ತ್ರದೊಳಗಿತ್ತು.

"ಅಪ್ಪನ ಮೂಗಿಗಿಂತ ಆ ಚೀಟಿ ದೊಡ್ಡದಾ?"

ಮುದುಕರಿಗೆ ಒಳಗೊಳಗೇ ಹಿಗ್ಗು. ದೊಡ್ಡ ಹೋಟೆಲಿನ ಅಡುಗೆಮನೆಯನ್ನು ಆಳಿದ ಮೂಗು ಅದು. ಅವರು 'ಹೂಂ' ಎಂದರೆ ಒಲೆ ಹತ್ತುತ್ತಿತ್ತು, 'ಉಹೂಂ' ಎಂದರೆ ಮಾಂಸದವನು ಬಾಗಿಲಿಂದಲೇ ವಾಪಸ್ಸು. ಈಗಲೂ ಮನೆಯಲ್ಲಿ ಹಾಲು, ಮೀನು, ಮೊಸರು ಎಲ್ಲವೂ ಮೊದಲು ಅವರ ಮುಂದೆ ಹಾಜರಿ ಹಾಕಬೇಕು. ಒಂದೇ ತೊಂದರೆ. ಹೋದ ಚಳಿಗಾಲದಲ್ಲಿ ಬಂದ ಜ್ವರ, ಹೋಗುವಾಗ ಆ ಮೂಗಿನ ಕಸುಬನ್ನೂ ಕಟ್ಟಿಕೊಂಡು ಹೋಗಿತ್ತು. ಅವರಿಗೀಗ ಹೂವೂ ಒಂದೇ, ಫಿನಾಯಿಲೂ ಒಂದೇ. ಯಾರಿಗೂ ಹೇಳಿರಲಿಲ್ಲ, ಮರ್ಯಾದೆಯ ಪ್ರಶ್ನೆ. ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ಸೊಸೆಯ ಮುಖ ನೋಡುತ್ತಿದ್ದರು. ಅವಳು ಮುಖ ಸಿಂಡರಿಸಿದರೆ 'ಎಸಿ', ಇಲ್ಲದಿದ್ದರೆ 'ಇಡು'. ಇವತ್ತು ನೋಡಿದರೆ ಆ ಮುಖವೇ ಬಟ್ಟೆಯ ಹಿಂದೆ.

ಮೂಸಿದರು. ತಿರುಗಿಸಿ ಇನ್ನೊಮ್ಮೆ ಮೂಸಿದರು. ಮಗ ಕಾಯುತ್ತಿದ್ದ. 'ಚೆನ್ನಾಗಿದೆ' ಎಂಬ ಮಾತು ತುಟಿಯವರೆಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಕೋಣೆಯಿಂದ ಮೊಮ್ಮಗಳು ಕೂಗಿದಳು: "ತಾತ ಹೂಂ ಅಂದ್ರಾ ಅಮ್ಮಾ? ಹಸಿವಾಗ್ತಿದೆ!"

ಮುದುಕರು ಪೊಟ್ಟಣವನ್ನು ಮಗನ ಕಡೆಗೆ ತಳ್ಳಿದರು.

"ಎಸೆದುಬಿಡೋ."

"ಅಷ್ಟು ಕೆಟ್ಟಿದೆಯಾ?"

"ಅದು ಕೆಟ್ಟಿದೆಯೋ ಇಲ್ವೋ ನಂಗೊತ್ತಿಲ್ಲ ಕಣೋ. ಆ ಜ್ವರ ಬಂದಾಗಿಂದ ನನ್ನ ಮೂಗಂತೂ ಕೆಟ್ಟಿದೆ."

ಮುದುಕರು ನಾಚಿಕೆಯಿಂದ ತಲೆ ತಗ್ಗಿಸಿದರು. ಸೊಸೆ ಪೊಟ್ಟಣವನ್ನು ಗಂಡನ ಕೈಯಿಂದ ಕಸಿದು ಬುಟ್ಟಿಗೆ ಹಾಕಿ, ಕೈ ತೊಳೆದು ಬಂದು, ಕರವಸ್ತ್ರ ಕೆಳಗಿಳಿಸಿದಳು.

"ಸದ್ಯ, ಇವತ್ತಾದ್ರೂ ಬಾಯಿ ಬಿಟ್ರಲ್ಲ ಮಾವ! ದಿನಾ ನಿಮ್ಮೆದುರಿಗೆ ಮುಖ ಸಿಂಡರಿಸಿ ಸಿಂಡರಿಸಿ ನಂಗೆ ಈ ವಯಸ್ಸಿಗೇ ಸುಕ್ಕು ಬಂತು."