ಬಾಗಿಲು ಕಾಯುವವಳು

ಮೂರನೆಯ ದಿನವೂ ಪ್ಲಂಬರ್ ಏಣಿಯ ಮೇಲೆ ಕೂತು ಓದುತ್ತಿದ್ದ. ಅವನ ತಲೆಯ ಮೇಲಿನ ಪೈಪಿನಿಂದ ನೀರು ತೊಟ್ಟಿಕ್ಕಿ ಕೆಳಗಿನ ಬಕೆಟ್ಟಿಗೆ ಬೀಳುತ್ತಿತ್ತು. ಗ್ರಂಥಪಾಲಕಿ ಬೆಳಿಗ್ಗೆಯಿಂದ ಆ ಬಕೆಟ್ಟನ್ನು ಎರಡು ಸಲ ಖಾಲಿ ಮಾಡಿದ್ದಳು. ಅವನು ಒಂದು ಸಲವೂ ಸ್ಪ್ಯಾನರ್ ಎತ್ತಿರಲಿಲ್ಲ.

ತಪ್ಪು ಅವಳದೇ. ಪೈಪು ಹಾದುಹೋಗಿದ್ದದ್ದು ಹಿಂದಿನ ಕೋಣೆಯ ಕಪಾಟಿನ ಮೇಲೆ. ಅದರ ತುಂಬ ನಾನಾ ದೇಶ, ನಾನಾ ಭಾಷೆಗಳ ಹಳೆಯ ದೊಡ್ಡ ಕೃತಿಗಳ ಅನುವಾದಗಳು. ಯಾರೂ ಮುಟ್ಟದವು. ಅವನ್ನೆಲ್ಲ ಮೊದಲು ಇಳಿಸಿಕೊಳ್ಳಿ ಎಂದು ಅವಳೇ ಹೇಳಿದ್ದಳು. ಇಳಿಸುವಾಗ ಒಂದು ತೆರೆದುಕೊಂಡಿತು, ಅವನು ಕಣ್ಣು ಹಾಯಿಸಿದ, ಮುಗಿಯಿತು ಕತೆ. ಮೊದಲ ದಿನ ಮರಳುಗಾಡು ದಾಟಿದ ಯಾತ್ರಿಕನೊಬ್ಬನ ದಿನಚರಿ. ಒಂಟೆ ಸಾಯುವ ಪುಟದಲ್ಲಿ ಅವನ ಊಟದ ಹೊತ್ತೂ ಮೀರಿಹೋಯಿತು. ಎರಡನೆಯ ದಿನ ಸಾವಿರ ವರ್ಷ ಹಿಂದಿನ ಯಾವನೋ ಕವಿಯ ಪದ್ಯಗಳು. ಈ ಮನುಷ್ಯನ ಹೆಂಡತಿ ಬೇಗ ತೀರಿಹೋಗಿದ್ದಳೇ ಎಂದು ಏಣಿಯ ಮೇಲಿನಿಂದಲೇ ವಿಚಾರಿಸಿದ. ಮುನ್ನುಡಿಯಲ್ಲಿರುತ್ತೆ, ಮೊದಲು ಪೈಪು ನೋಡಿ ಎಂದು ಅವಳು ಗದರಿದಳು. ಮುನ್ನುಡಿ ಬರೆದವರಿಗೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಗೊತ್ತು ಎಂದು ಅವನು ಬೇಸರದಿಂದ ಪುಟ ಮಗುಚಿದ.

ಮೂರನೆಯ ದಿನಕ್ಕೆ ಅವಳ ತಲೆ ಕೆಟ್ಟುಹೋಯಿತು. ಸೋಮವಾರ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ನೋಡಿದರೆ ನೆಲದ ಮೇಲೆ ಪುಸ್ತಕದ ಗುಡ್ಡೆ, ಒದ್ದೆ ಗೋಡೆ, ಏಣಿಯ ಮೇಲೆ ಇವನು. ಅವಳು ಎರಡು ಮೆಟ್ಟಿಲು ಹತ್ತಿ ಅವನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಎರಡು ಸಾವಿರ ವರ್ಷದಷ್ಟು ಹಳೆಯ ನಾಟಕ.

"ಇನ್ನು ಸ್ವಲ್ಪಾನೇ ಇದೆ ಮೇಡಂ," ಎಂದು ಅವನು ಅಂಗಲಾಚಿದ. "ಹೋಗ್ಲಿ, ಅವಳು ಬಾಗಿಲು ತೆಗೆದಳಾ ಅಂತಾದರೂ ಹೇಳಿ. ನೀವು ಇವೆಲ್ಲ ಓದಿರ್ತೀರಲ್ಲ."

"ಓದದೆ ಇಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದೀನಾ?" ಎಂದಳು ಅವಳು. ಆದರೆ ಹೇಳಲಿಲ್ಲ. ಈ ಪುಸ್ತಕಗಳನ್ನು ಮನೆಗೂ ಕೊಡುವಂತಿಲ್ಲ ಎಂದು ಸೇರಿಸಿ, ನಾಟಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಊಟಕ್ಕೆ ಹೋದಳು. ಬರುವಷ್ಟರಲ್ಲಿ ಪೈಪು ಸರಿಯಾಗಿತ್ತು. ಅವನು ಏಣಿ ಹೊತ್ತುಕೊಂಡು ಹೋಗಿಯೂ ಆಗಿತ್ತು. ಒಂದು ಗಂಟೆಯ ಕೆಲಸಕ್ಕೆ ಮೂರು ದಿನ ಜೀವ ತಿಂದನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಗ್ರಂಥಾಲಯದ ಬಾಗಿಲು ತೆರೆದಿದ್ದಳೋ ಇಲ್ಲವೋ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡ ಹೆಂಗಸೊಬ್ಬಳು ಬಂದು ನಿಂತಳು. ತೋಳಿನ ತುಂಬ ದಾರದ ಎಳೆಗಳು. ಪ್ಲಂಬರನ ಹೆಂಡತಿಯಂತೆ. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡ ಗ್ರಂಥಪಾಲಕಿ ಮೂರು ದಿನದ ಲೆಕ್ಕವನ್ನು ನಾಲಿಗೆಯ ತುದಿಗೆ ತಂದುಕೊಂಡಳು. ಆದರೆ ಬಂದವಳ ಅಳಲೇ ಬೇರೆ. ಮದುವೆಯಾಗಿ ಹದಿನೈದು ವರ್ಷ ವಾಷರ್, ನಲ್ಲಿ ಬಿಟ್ಟು ಬೇರೆ ಮಾತಾಡದ ಮನುಷ್ಯ, ಈಗ ಮನೆಗೆ ಬಂದವನೇ ಅವಳ ಹೊಲಿಗೆ ಮೆಷಿನ್ ಪಕ್ಕ ಕೂತು ಓದಿದ್ದನ್ನೆಲ್ಲ ಹೇಳುತ್ತಾನೆ. ಒಂಟೆ ಸತ್ತದ್ದಕ್ಕೆ ಅವಳು ಅತ್ತೂ ಆಗಿದೆ. ನಿನ್ನೆ ಹೇಳಿದ್ದು ಆ ನಾಟಕ. ಪಟ್ಟಣದ ಹೊರಗೆಲ್ಲ ಸಾಂಕ್ರಾಮಿಕ ರೋಗ. ಕೋಟೆಬಾಗಿಲನ್ನು ಯಾರಿಗೂ ತೆಗೆಯಬಾರದೆಂದು ರಾಜಾಜ್ಞೆ. ಬಾಗಿಲು ಕಾಯುವವಳು ಒಬ್ಬ ವಿಧವೆ. ದೂರದೇಶಕ್ಕೆ ಹೋಗಿದ್ದ ಅವಳ ಮಗ ಹಿಂತಿರುಗಿ ಬಂದು ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದಾನೆ. ಅಲ್ಲಿಗೆ ನಿಂತುಬಿಟ್ಟಿದೆ.

"ಮೇಡಂ ಪುಸ್ತಕ ಕಿತ್ಕೊಂಡ್ರು ಅಂದ್ರು," ಎಂದಳು ಆ ಹೆಂಗಸು. "ಇವತ್ತು ಎದ್ದಾಗಿಂದ ಎರಡು ರವಿಕೆ ತೋಳು ತಪ್ಪು ಕತ್ತರಿಸಿದ್ದೀನಿ. ಅವರು ಪಕ್ಕದೂರಿನ ಕೆಲಸಕ್ಕೆ ಹೋದ್ರು, ಬರೋದು ನಾಲ್ಕು ದಿನ ಆಗುತ್ತೆ. ನನಗೆ ಓದೋಕೆ ಬರಲ್ಲ. ನಿಮಗೆ ಎಲ್ಲಾ ಗೊತ್ತಂತೆ. ಒಂದು ಮಾತು ಹೇಳಿಬಿಡಿ, ಹೋಗ್ತೀನಿ. ಅವಳು ಬಾಗಿಲು ತೆಗೆದಳಾ?"

ಗಂಡನ ಕಾಟ ಸಾಲದೆಂದು ಈಗ ಹೆಂಡತಿ. ಆ ಪುಸ್ತಕ ಯಾವ ಸಾಲಿನಲ್ಲಿ ಎಷ್ಟನೆಯದು, ಅದರ ಸಂಖ್ಯೆ ಏನು, ಹುಳ ತಿಂದ ಪುಟ ಯಾವುದು, ಎಲ್ಲವೂ ಗ್ರಂಥಪಾಲಕಿಗೆ ಬಾಯಿಪಾಠ. ತೆಗೆದಳು ಎಂದು ಸುಮ್ಮನೆ ಒಂದು ಮಾತು ಬಿಸಾಕಿ ಕಳಿಸಬಹುದಿತ್ತು. ಈ ಹೆಂಗಸು ಅದನ್ನೇ ನಂಬಿ ನೆಮ್ಮದಿಯಾಗಿ ಹೋಗಿ ತೋಳು ಹೊಲಿಯುತ್ತಿದ್ದಳು. ಆದರೆ ಹಾಗೆ ಹೇಳಲು ಮನಸ್ಸಾಗಲಿಲ್ಲ. ಗ್ರಂಥಪಾಲಕಿ ಸಿಡಿಮಿಡಿಗೊಳ್ಳುತ್ತ ಬೀರು ತೆಗೆದು ಪುಸ್ತಕ ಬಿಚ್ಚಿದಳು. ಪೈಪಿನ ತಿರುಗಣೆಗೆ ಸುತ್ತುವ ಬಿಳಿ ಟೇಪಿನ ತುಂಡೊಂದನ್ನು ಅವನು ಓದುತ್ತ ಹೋದಂತೆ ಗುರುತಿಗಿಟ್ಟುಕೊಂಡಿದ್ದ. ಆ ಪುಟವನ್ನು ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಯಾರು ಯಾರಿಗೆ ಏನಾಗಬೇಕೋ, ಯಾರು ಯಾಕೆ ಅಳುತ್ತಿದ್ದಾರೋ, ತಲೆಬುಡ ತಿಳಿಯಲಿಲ್ಲ.

"ಗೊತ್ತಿಲ್ಲ," ಎಂದಳು ಕೊನೆಗೆ, ಪುಟದಿಂದ ತಲೆಯೆತ್ತದೆ. "ನಾನೂ ಓದಿಲ್ಲ."

ಆ ಹೆಂಗಸು ಅವಳ ಮುಖ ನೋಡಿದಳು, ನೆಲದ ಮೇಲಿನ ಗುಡ್ಡೆಗಳನ್ನು ನೋಡಿದಳು. ಆಮೇಲೆ ಕೊರಳಿನ ಅಳತೆ ಟೇಪನ್ನು ತೆಗೆದು ಸುತ್ತಿ ಮೇಜಿನ ಮೇಲಿಟ್ಟು, ಎರಡು ಕುರ್ಚಿಗಳನ್ನು ಎದುರುಬದುರು ಎಳೆದಳು.

"ಪರವಾಗಿಲ್ಲ, ಕೂತ್ಕೊಳ್ಳಿ," ಎಂದಳು. "ಅಲ್ಲಿವರೆಗಿಂದು ನಾನು ಹೇಳ್ತೀನಿ. ಆಮೇಲೆ ನೀವು ಓದಿ."