ಅಜ್ಜಿಯ ಕೋಣೆಯ ಅಗ್ಗಿಷ್ಟಿಕೆ

ಮೂರೂವರೆ ಶತಮಾನದ ಹಿಂದೆ ಇಂಗ್ಲೆಂಡಿನ ದೊರೆಯ ಕಣ್ಣು ಉರಿಯುವ ಬೆಂಕಿಯ ಮೇಲೂ ಬಿತ್ತು. ಚಳಿ ಕಾಯಲು ಮನೆಯ ಗೋಡೆಯಲ್ಲಿ ಕಟ್ಟಿದ ಒಂದೊಂದು ಅಗ್ಗಿಷ್ಟಿಕೆಗೂ ತೆರಿಗೆ ಬಂತು.

ಹಳ್ಳಿಯ ಬಡವಿ ಟಾಮ್ಸಿನ್ ತನ್ನ ಮನೆಯ ಎರಡರಲ್ಲಿ ಒಂದನ್ನು, ಅಜ್ಜಿಯ ಕೋಣೆಯದನ್ನು, ಇಟ್ಟಿಗೆಯಿಟ್ಟು ಮುಚ್ಚಿದಳು.

"ಮುಚ್ಚೇ ಮಗಳೇ, ನಂಗೆ ನನ್ನ ಕಥೆಗಳ ಕಾವೇ ಸಾಕು," ಎಂದು ಅಜ್ಜಿ ನಕ್ಕಳು.

ಹಿಮ ಕರಗುವ ಮೊದಲೇ ಅಜ್ಜಿ ಚಳಿಗೆ ಸೆಟೆದು ತೀರಿಕೊಂಡಳು.

ವಸಂತದಲ್ಲಿ ತೆರಿಗೆಯವನು ಬಂದು ಆ ಗೋಡೆಯನ್ನು ತಟ್ಟಿದ. "ಇದನ್ಯಾಕಮ್ಮ ಮುಚ್ಚಿದ್ದೀಯ?"

ಟಾಮ್ಸಿನ್ ಗೋಡೆಗೆ ಅಡ್ಡ ಬಂದು ನಿಂತಳು. "ಅಜ್ಜಿ ಹೋದ್ಮೇಲೆ ಇನ್ಯಾರಿಗೆ ಬೇಕು ಸ್ವಾಮಿ, ಅದಕ್ಕೇ ಮುಚ್ಚಿದೆ."

"ಸದ್ಯ! ತೆರಿಗೆಗೆ ಹೆದರಿ ಮುಚ್ಚಿದ್ದೀಯೇನೋ ಅಂದ್ಕೊಂಡೆ," ಅವನು ಹೊರಡುತ್ತ ನಕ್ಕ. "ನಿಮ್ಮಂಥ ಬಡವರಿಗೆ ಎರಡು ಅಗ್ಗಿಷ್ಟಿಕೆವರೆಗೂ ಮಾಫಿ ಅಲ್ವೇನಮ್ಮ!"